ಹಳೆ ಬೈಕ್ ಎಂಜಿನ್‌ಗೆ ಸಿಗದ ಪಾರ್ಟ್ ಹುಡುಕುವುದು ಹೇಗೆ: ಬೆಂಗಳೂರಿನವರಿಗೆ ಸಮಗ್ರ ಮಾರ್ಗದರ್ಶಿ

ಹಳೆ ಜಾವಾ, ಯೆಜ್ಡಿ, ಬುಲೆಟ್, ಆರ್‌ಡಿ (ರಾಜ್‌ದೂತ್ 350) ಕಟ್ಟಲು ಕೂತವರು ಕೈಚೆಲ್ಲುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ಟ್ಯಾಂಕಿಗೆ ಪೇಂಟ್ ಆಗಿರುತ್ತದೆ, ಬ್ಲಾಕ್ ಬೋರಿಂಗ್‌ಗೆ ಹೋಗಿ ಬಂದಿರುತ್ತದೆ, ರಿಮ್ಮಿಗೆ ಕ್ರೋಮ್ ಕೂಡ ಮುಗಿದಿರುತ್ತದೆ. ಎಂಜಿನ್ ಜೋಡಿಸಲು ಕೂತಾಗ ಒಳಗಿನ ಒಂದು ಶಾಫ್ಟೋ, ಬುಷ್ಷೋ, ಸ್ಪ್ರಿಂಗೋ ಇಲ್ಲ ಅಂತ ಗೊತ್ತಾಗುತ್ತದೆ. ಅಲ್ಲಿಂದ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರೋಡ್ ಅಲೆದಾಟ ಶುರು. ಕೌಂಟರಿನಲ್ಲಿ ನಡೆಯುವ ಮಾತು ಸುಮಾರು ಹೀಗಿರುತ್ತದೆ:

"ಅಣ್ಣಾ, ಯೆಜ್ಡಿಗೆ ಕ್ಲಚ್ ಹಿಂದೆ ಬರೋ ಬುಷ್ ಇದ್ಯಾ?"

"ಯಾವ ಮಾಡೆಲ್ ಸಾರ್? ರೋಡ್‌ಕಿಂಗಾ, ಕ್ಲಾಸಿಕ್ಕಾ?"

"ಹಳೇದು."

"ಸ್ಯಾಂಪಲ್ ತಂದಿದ್ದೀರಾ?"

"ಇಲ್ಲ, ಅದೇ ಕಳೆದುಹೋಗಿದೆ."

"ಹಾಗಾದ್ರೆ ಇಲ್ಲ ಸಾರ್."

ಆ ಬುಷ್ ಅದೇ ಅಂಗಡಿಯ ಅಟ್ಟದ ಮೇಲೆ ಧೂಳು ಹಿಡಿದು ಕೂತಿರಬಹುದು. ಆದರೆ ಹತ್ತು ಜನ ಕಾಯುತ್ತಿರುವಾಗ ಏನು ಅಂತ ಗೊತ್ತಿಲ್ಲದ ಸಾಮಾನಿಗೆ ಯಾರೂ ಏಣಿ ಹತ್ತುವುದಿಲ್ಲ. ಅದಕ್ಕೇ ಈ ಮಾರ್ಗದರ್ಶಿಯ ಅರ್ಧ ಭಾಗ ಮನೆಯ ಮೇಜಿನ ಮೇಲೆ ನಡೆಯುವ ಕೆಲಸದ್ದು. ಅದನ್ನು ಬಿಟ್ಟು ನೇರ ಅಂಗಡಿಗೆ ಹೋದರೆ ಮೇಲಿನ ಮಾತುಕತೆಯೇ ಮತ್ತೆ ಮತ್ತೆ ನಡೆಯುತ್ತದೆ.

## ಬೇಕಾಗುವ ಸಾಮಾನು

ವರ್ನಿಯರ್ ಕ್ಯಾಲಿಪರ್, 0-25 ಮತ್ತು 25-50 ಮಿ.ಮೀ. ಮೈಕ್ರೋಮೀಟರ್, ಫೀಲರ್ ಗೇಜ್, ಥ್ರೆಡ್ ಪಿಚ್ ಗೇಜ್ (ಮೆಟ್ರಿಕ್ ಮತ್ತು ಇಂಚು ಎರಡೂ ಇರುವುದು), ಸಣ್ಣ ಮ್ಯಾಗ್ನೆಟ್, ಒಂದು ನುಣುಪು ಅರ, ಸರ್ಕ್ಲಿಪ್ ಪ್ಲೈಯರ್, ಜಿಪ್ ಇರುವ ಪ್ಲಾಸ್ಟಿಕ್ ಕವರ್, ಮಾರ್ಕರ್, ಮತ್ತು ಒಂದು ದಪ್ಪ ನೋಟ್‌ಬುಕ್. ಇವೆಲ್ಲ ಎಸ್‌ಪಿ ರೋಡ್, ಎಸ್‌ಜೆಪಿ ರೋಡ್ ಸುತ್ತ ಸಿಗುತ್ತವೆ. ಮೈಕ್ರೋಮೀಟರ್ ಒಂದರಲ್ಲಿ ಮಾತ್ರ ಕಂಜೂಸಿ ಬೇಡ. ಅಗ್ಗದ್ದು ತಂದರೆ ಶಾಫ್ಟ್ ಒಂದು ಸಲ 19.98, ಇನ್ನೊಂದು ಸಲ 20.03 ಅಂತ ತೋರಿಸುತ್ತದೆ. ಆ ವ್ಯತ್ಯಾಸದಲ್ಲಿ ಬೇರಿಂಗ್ ಬಿಗಿಯಾಗಿ ಕೂರುತ್ತದೋ, ಸಡಿಲ ಆಗುತ್ತದೋ ಅನ್ನುವುದೇ ತೀರ್ಮಾನವಾಗುತ್ತದೆ.

ಇದರ ಜೊತೆಗೆ ನಿಮ್ಮ ಮಾಡೆಲ್‌ನ ಪಾರ್ಟ್ಸ್ ಕ್ಯಾಟಲಾಗ್ ಬೇಕೇ ಬೇಕು. ವರ್ಕ್‌ಶಾಪ್ ಮ್ಯಾನುವಲ್ ಬೇರೆ, ಪಾರ್ಟ್ಸ್ ಕ್ಯಾಟಲಾಗ್ ಬೇರೆ. ಎಂಜಿನ್ ಬಿಡಿಸಿಟ್ಟ ಹಾಗೆ ಬರೆದ ಚಿತ್ರ, ಪ್ರತಿ ವಾಷರ್‌ಗೂ ಒಂದು ನಂಬರ್ ಇರುವುದು ಕ್ಯಾಟಲಾಗ್‌ನಲ್ಲಿ. ಜಾವಾ, ಬುಲೆಟ್‌ಗಳ ಕ್ಯಾಟಲಾಗ್ ಸ್ಕ್ಯಾನ್‌ಗಳು ಹಳೆ ಗಾಡಿಯವರ ಕೈಯಲ್ಲಿ ಓಡಾಡುತ್ತಲೇ ಇರುತ್ತವೆ, ಕೇಳಿದರೆ ಕೊಡುತ್ತಾರೆ.

## ಹಂತ 1: ಏನು ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ

ನೆಲದ ಮೇಲೆ ಹಳೆ ಬೆಡ್‌ಶೀಟ್ ಹಾಸಿ. ಕ್ಯಾಟಲಾಗ್‌ನ ಒಂದೊಂದು ಪುಟ ತೆಗೆದು, ಚಿತ್ರದಲ್ಲಿ ಇರುವ ಕ್ರಮದಲ್ಲೇ ಸಾಮಾನು ಜೋಡಿಸುತ್ತಾ ಬನ್ನಿ. ಮೊದಲು ಗೇರ್‌ಬಾಕ್ಸ್, ಆಮೇಲೆ ಕ್ಲಚ್ ಮತ್ತು ಪ್ರೈಮರಿ ಚೈನ್, ಆಮೇಲೆ ಕ್ರ್ಯಾಂಕ್, ಕೊನೆಗೆ ಬ್ಲಾಕ್ ಮತ್ತು ಹೆಡ್. ಈ ಕ್ರಮಕ್ಕೆ ಕಾರಣ ಇದೆ. ಗೇರ್‌ಬಾಕ್ಸ್‌ನಲ್ಲಿ ಸಣ್ಣ ಸಾಮಾನು ಜಾಸ್ತಿ, ಕಳೆದುಹೋಗುವುದೂ ಅಲ್ಲೇ ಜಾಸ್ತಿ. ಪಿಸ್ಟನ್ ಇಲ್ಲ ಅಂತ ಯಾರಿಗಾದರೂ ಕಣ್ಣಿಗೆ ಬೀಳುತ್ತದೆ, ಥ್ರಸ್ಟ್ ವಾಷರ್ ಇಲ್ಲ ಅಂತ ಬೀಳುವುದಿಲ್ಲ.

ಜಾವಾ, ಯೆಜ್ಡಿಯಲ್ಲಿ ಕಿಕ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರ್ ಅಲ್ವಾ? ಗೇರ್ ಹಾಕುವಾಗ ಕ್ಲಚ್ ತಾನಾಗಿ ಬಿಡುವ ವ್ಯವಸ್ಥೆಯೂ ಅದರಲ್ಲೇ ಸೇರಿಕೊಂಡಿದೆ. ಆ ಜಾಗದ ಶಾಫ್ಟ್, ಸ್ಪ್ರಿಂಗ್, ವಾಷರ್‌ಗಳನ್ನು ಎರಡೆರಡು ಸಲ ನೋಡಿ. ಯಾರೋ ಹಿಂದೆ ಬಿಚ್ಚಿದ ಎಂಜಿನ್ ಆದರೆ ಅಲ್ಲಿ ಒಂದಲ್ಲ ಒಂದು ಕಡಿಮೆ ಇರುತ್ತದೆ.

ನೋಟ್‌ಬುಕ್‌ನಲ್ಲಿ ಮೂರು ಪಟ್ಟಿ ಮಾಡಿ: ಇಲ್ಲವೇ ಇಲ್ಲ, ಇದೆ ಆದರೆ ಸವೆದಿದೆ, ಇದೆ ಆದರೆ ಈ ಎಂಜಿನ್‌ದೇನಾ ಅಂತ ಅನುಮಾನ. ಮೂರನೇ ಪಟ್ಟಿಯನ್ನು ಬಹಳ ಜನ ಮಾಡುವುದೇ ಇಲ್ಲ. ಗೋಣಿಚೀಲದಲ್ಲಿ ಕೊಂಡ ಎಂಜಿನ್‌ನಲ್ಲಿ ಇನ್ನೊಂದು ಮಾಡೆಲ್‌ನ ಸಾಮಾನು ಬೆರೆತಿರುವುದು ತೀರಾ ಸಾಮಾನ್ಯ.

## ಹಂತ 2: ಗಾಡಿ ಯಾವುದು ಅಂತ ಪತ್ತೆ ಹಚ್ಚಿ

ಟ್ಯಾಂಕ್ ಮೇಲಿನ ಬ್ಯಾಡ್ಜ್ ನಂಬಬೇಡಿ. ಟ್ಯಾಂಕ್ ಬದಲಾಗಿರುತ್ತದೆ. ಕ್ರ್ಯಾಂಕ್‌ಕೇಸ್ ಮೇಲೆ ಹೊಡೆದಿರುವ ಎಂಜಿನ್ ನಂಬರ್, ಫ್ರೇಮ್ ಮೇಲಿನ ಚಾಸಿ ನಂಬರ್, ಆರ್‌ಸಿ, ಮೂರನ್ನೂ ಪಕ್ಕಪಕ್ಕ ಬರೆದುಕೊಳ್ಳಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಗಾಡಿ ತಯಾರಾಗಿದ್ದು 1961ರಿಂದ 1996ರವರೆಗೆ, 1973ರಿಂದ ಯೆಜ್ಡಿ ಅನ್ನುವ ಹೆಸರು. ಈ ಮಧ್ಯೆ ಎಂಜಿನ್ ಒಳಗೆ ಬದಲಾವಣೆ ಆಗುತ್ತಾ ಬಂದಿದೆ. ಬೋರ್ (ಸಿಲಿಂಡರ್‌ನ ಒಳ ವ್ಯಾಸ) 65, ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 75 ಮಿ.ಮೀ. ಅನ್ನುವುದು ಹಳೆ ಜಾವಾಗೂ ಯೆಜ್ಡಿ 250ಗೂ ಒಂದೇ. ಅಷ್ಟು ನೋಡಿಕೊಂಡು ಒಳಗಿನ ಎಲ್ಲ ಸಾಮಾನೂ ಒಂದೇ ಅಂದುಕೊಂಡರೆ ಕೆಟ್ಟಿರಿ.

ಆರ್‌ಡಿ ಆದರೆ ಎಚ್‌ಟಿಯೋ (ಹೈ ಟಾರ್ಕ್) ಎಲ್‌ಟಿಯೋ (ಲೋ ಟಾರ್ಕ್) ಅಂತ ಮೊದಲೇ ಗೊತ್ತಿರಬೇಕು, ಇಲ್ಲದಿದ್ದರೆ ಬ್ಲಾಕ್ ಕೊಳ್ಳುವಾಗ ಪೋರ್ಟ್ (ಸಿಲಿಂಡರ್ ಗೋಡೆಯಲ್ಲಿ ಮಿಶ್ರಣ, ಹೊಗೆ ಹಾಯುವ ಕಿಂಡಿ) ಬೇರೆಯಾಗಿ ದುಡ್ಡು ಹೋಗುತ್ತದೆ.

## ಹಂತ 3: ಇಲ್ಲದ ಪಾರ್ಟ್‌ನ ಅಳತೆ ತೆಗೆಯಿರಿ

ಇಲ್ಲದೇ ಇರುವುದನ್ನು ಅಳೆಯುವುದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಅದು ಕೂರುವ ಜಾಗವನ್ನು ಅಳೆಯಬೇಕು. ಬುಷ್ ಇಲ್ಲ ಅಂದರೆ ಕೇಸ್‌ನಲ್ಲಿ ಅದು ಕೂರುವ ತೂತು ಇದೆ, ಅದರೊಳಗೆ ತಿರುಗುವ ಶಾಫ್ಟ್ ಇದೆ. ತೂತಿನ ಅಳತೆಯಿಂದ ಬುಷ್‌ನ ಹೊರ ವ್ಯಾಸ, ಶಾಫ್ಟ್‌ನಿಂದ ಒಳ ವ್ಯಾಸ, ತೂತಿನ ಆಳದಿಂದ ಉದ್ದ ಸಿಕ್ಕಿತು.

ಅಳೆಯುವಾಗ ಒಂದು ಎಚ್ಚರ. ಶಾಫ್ಟ್‌ನ ಸವೆದ ಭಾಗ ಅಳೆಯಬೇಡಿ. ಬುಷ್ ಅಥವಾ ಬೇರಿಂಗ್ ತಾಗುತ್ತಿದ್ದ ಜಾಗದಲ್ಲಿ ಉಗುರು ಆಡಿಸಿದರೆ ಒಂದು ಸಣ್ಣ ಮೆಟ್ಟಿಲು ಸಿಗುತ್ತದೆ. ಮೆಟ್ಟಿಲಿನ ಆಚೆ, ಹೊಳಪು ಇಲ್ಲದ ಬೂದು ಬಣ್ಣದ ಭಾಗವೇ ಮೂಲ ಅಳತೆ. ಅಲ್ಲಿ ಮೈಕ್ರೋಮೀಟರ್ ಹಿಡಿಯಿರಿ, ಶಾಫ್ಟ್ ತೊಂಬತ್ತು ಡಿಗ್ರಿ ತಿರುಗಿಸಿ ಇನ್ನೊಮ್ಮೆ ಹಿಡಿಯಿರಿ. ಎರಡೂ ಒಂದೇ ಬಂದರೆ ಬರೆದುಕೊಳ್ಳಿ. ಬೇರೆ ಬೇರೆ ಬಂದರೆ ಆ ಭಾಗವೂ ಅಂಡಾಕಾರಕ್ಕೆ ಸವೆದಿದೆ, ಶಾಫ್ಟ್ ಕೂಡ ಎರಡನೇ ಪಟ್ಟಿಗೆ ಹೋಗಬೇಕು.

ಬೇರಿಂಗ್ ಮತ್ತು ಆಯಿಲ್ ಸೀಲ್. ಇವನ್ನು ಬೈಕ್ ಹೆಸರು ಹೇಳಿ ಕೇಳುವ ಅಗತ್ಯವೇ ಇಲ್ಲ. ಬೇರಿಂಗ್ ನಂಬರಿನ ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿದರೆ ಒಳ ವ್ಯಾಸ ಬರುತ್ತದೆ (04ರಿಂದ ಮೇಲಿನ ನಂಬರ್‌ಗಳಿಗೆ). 6205 ಅಂದರೆ ಒಳಗೆ 25, ಹೊರಗೆ 52, ಅಗಲ 15 ಮಿ.ಮೀ. 6305 ಅಂದರೆ ಒಳಗೆ ಅದೇ 25, ಹೊರಗೆ 62, ಅಗಲ 17. ಸೀಲ್ ಮೇಲೆ 25×40×7 ಅಂತ ಬರೆದಿದ್ದರೆ ಶಾಫ್ಟ್ 25, ತೂತು 40, ದಪ್ಪ 7. ಕ್ರ್ಯಾಂಕ್‌ನ ಮೇನ್ ಬೇರಿಂಗ್‌ಗೆ ನಂಬರಿನ ಕೊನೆಯಲ್ಲಿ ಸಿ3 (ಒಳಗೆ ಹೆಚ್ಚು ಸಡಿಲ ಇರುವ ಬೇರಿಂಗ್) ಅಂತ ಇದೆಯಾ ಅಂತ ಮ್ಯಾನುವಲ್ ನೋಡಿ. ಸಿ3 ಬೇಕಾದ ಜಾಗಕ್ಕೆ ಮಾಮೂಲಿ ಬೇರಿಂಗ್ ಹಾಕಿದರೆ ಎಂಜಿನ್ ಕಾದಾಗ ಒಳಗೆ ಜಾಗ ಸಾಲದೆ ಬಿಗಿಯಾಗುತ್ತದೆ. "ಸಿಗದ" ಪಾರ್ಟ್ ಅಂತ ಬರೆದಿಟ್ಟ ಪಟ್ಟಿಯಲ್ಲಿ ಒಳ್ಳೇ ಪಾಲು ಹೀಗೆ ಯಾವುದೇ ಬೇರಿಂಗ್ ಅಂಗಡಿಯಲ್ಲಿ ಸಿಗುವಂಥದ್ದೇ ಇರುತ್ತದೆ. ಮೊದಲು ಅವನ್ನು ಪಟ್ಟಿಯಿಂದ ಹೊರಗೆ ಹಾಕಿ.

ಥ್ರೆಡ್. ಬುಲೆಟ್‌ನವರು ಇದನ್ನು ಸರಿಯಾಗಿ ಓದಿ. ಹಳೆ ಬುಲೆಟ್‌ನಲ್ಲಿ ಬ್ರಿಟಿಷ್ ಥ್ರೆಡ್‌ಗಳಿವೆ. 3/8 ಇಂಚಿನ ಬೋಲ್ಟ್ ಅಂದರೆ 9.5 ಮಿ.ಮೀ. ಚಿಲ್ಲರೆ. ವರ್ನಿಯರ್ ಹಿಡಿದು "ಸವೆದ ಹತ್ತು ಎಂಎಂ" ಅಂತ ಎಂ10 ಬೋಲ್ಟ್ ತುರುಕಿದರೆ ಅಲ್ಯೂಮಿನಿಯಂ ಕೇಸ್‌ನ ಥ್ರೆಡ್ ಕಿತ್ತು ಬರುತ್ತದೆ. ಅದೇ 3/8ರಲ್ಲೂ ಬಿಎಸ್‌ಎಫ್ (ಬ್ರಿಟಿಷ್ ಸ್ಟ್ಯಾಂಡರ್ಡ್ ಫೈನ್) ಆದರೆ ಇಂಚಿಗೆ 20 ಸುತ್ತು, ಸೈಕಲ್ ಥ್ರೆಡ್ ಆದರೆ 26 ಸುತ್ತು. ಪಿಚ್ ಗೇಜ್ ಇಟ್ಟು ಬೆಳಕಿಗೆ ಹಿಡಿಯಿರಿ. ಹಲ್ಲುಗಳ ಮಧ್ಯೆ ಬೆಳಕು ಕಂಡರೆ ಅದು ಆ ಥ್ರೆಡ್ ಅಲ್ಲ. ಜಾವಾ, ಯೆಜ್ಡಿಯವರು ನೆಮ್ಮದಿಯಾಗಿರಬಹುದು, ಅಲ್ಲಿ ಎಲ್ಲ ಮೆಟ್ರಿಕ್. ಆದರೂ ಎಂ10ರಲ್ಲೇ 1.5, 1.25, 1.0 ಪಿಚ್‌ಗಳಿವೆ (ಒಂದು ಸುತ್ತಿನಿಂದ ಇನ್ನೊಂದಕ್ಕೆ ಇರುವ ಅಂತರ, ಮಿ.ಮೀ.ನಲ್ಲಿ), ಗೇಜ್ ಇಟ್ಟೇ ನೋಡಿ.

ಗೇರ್. ಹಲ್ಲು ಎಣಿಸಿ, ಹೊರ ವ್ಯಾಸ ಅಳೆಯಿರಿ. ಹೊರ ವ್ಯಾಸವನ್ನು ಹಲ್ಲಿನ ಸಂಖ್ಯೆಗೆ ಎರಡು ಕೂಡಿಸಿ ಭಾಗಿಸಿದರೆ ಮಾಡ್ಯೂಲ್ (ಹಲ್ಲಿನ ಗಾತ್ರದ ಅಳತೆ) ಬರುತ್ತದೆ. 20 ಹಲ್ಲು, 44 ಮಿ.ಮೀ. ಇದ್ದರೆ ಮಾಡ್ಯೂಲ್ 2. ನೇರ ಹಲ್ಲಿನ ಸ್ಟ್ಯಾಂಡರ್ಡ್ ಗೇರ್‌ಗೆ ಈ ಲೆಕ್ಕ ಸಾಕು. ಗೇರ್ ಇಲ್ಲದೇ ಹೋಗಿದ್ದರೆ ಅದರ ಜೊತೆಗಾರ ಗೇರ್‌ನಿಂದ ಮಾಡ್ಯೂಲ್ ತೆಗೆಯಿರಿ, ಹಲ್ಲಿನ ಸಂಖ್ಯೆ ಮ್ಯಾನುವಲ್‌ನಲ್ಲಿ ಇರುತ್ತದೆ.

ಕೊನೆಗೆ ಒಂದು ಪಾರ್ಟ್‌ಗೆ ಒಂದು ಹಾಳೆ. ಮೇಲೆ ಗಾಡಿ ಮಾಡೆಲ್, ಕ್ಯಾಟಲಾಗ್ ನಂಬರ್, ಕ್ಯಾಟಲಾಗ್ ಚಿತ್ರ. ಕೆಳಗೆ ಅಳತೆ ಹಾಕಿದ ಸ್ಕೆಚ್. ಕೊನೆಯಲ್ಲಿ ನಿಮ್ಮ ಫೋನ್ ನಂಬರ್. ನಾಲ್ಕಾರು ಜೆರಾಕ್ಸ್ ಮಾಡಿಸಿ, ಫೋನಿನಲ್ಲೂ ಫೋಟೋ ಇಟ್ಟುಕೊಳ್ಳಿ.

## ಹಂತ 4: ಹುಡುಕಾಟ, ಈ ಕ್ರಮದಲ್ಲಿ

ಮೊದಲು ಹಳೆ ಮೆಕ್ಯಾನಿಕ್‌ಗಳು. ಎಲ್ಲರೂ ಅಂಗಡಿಯಿಂದ ಶುರು ಮಾಡುತ್ತಾರೆ, ನಾನು ಮೆಕ್ಯಾನಿಕ್‌ನಿಂದ ಶುರು ಮಾಡಿ ಅನ್ನುತ್ತೇನೆ. ನಿಮ್ಮ ಮಾಡೆಲ್‌ನ ಎಂಜಿನ್ ಮೂವತ್ತು ವರ್ಷದಿಂದ ಬಿಚ್ಚುತ್ತಿರುವವರು ಪ್ರತಿ ಏರಿಯಾದಲ್ಲೂ ಒಬ್ಬರಾದರೂ ಇರುತ್ತಾರೆ. ಅವರ ಬೆಂಚಿನ ಕೆಳಗಿನ ಡಬ್ಬದಲ್ಲಿ ನಿಮಗೆ ಬೇಕಾದ್ದು ಇರಬಹುದು. ಇಲ್ಲದಿದ್ದರೂ ಯಾವ ಪಾರ್ಟ್ ಯಾವುದಕ್ಕೆ ಹೊಂದುತ್ತದೆ, ಯಾವ ಅಂಗಡಿಯಲ್ಲಿ ಓಲ್ಡ್ ಸ್ಟಾಕ್ (ಮಾರಾಟವಾಗದೆ ಉಳಿದ ಹಳೇ ಕಾಲದ ಹೊಸ ಸಾಮಾನು) ಇದೆ ಅಂತ ಅವರಿಗೇ ಗೊತ್ತು. ಸುಮ್ನೆ ಹೋಗಿ ಮಾಹಿತಿ ಕೀಳಬೇಡಿ. ಕ್ರ್ಯಾಂಕ್ ನೋಡುವುದೋ, ಕ್ಲಚ್ ಕಟ್ಟುವುದೋ, ಒಂದು ಕೆಲಸ ಅವರಿಗೇ ಕೊಡಿ. ಬೆಳಗ್ಗೆ ಹೊತ್ತು ಹೋಗಿ, ಸಂಜೆ ಡೆಲಿವರಿ ಗಡಿಬಿಡಿಯಲ್ಲಿ ಯಾರಿಗೂ ಮಾತಾಡಲು ಪುರುಸೊತ್ತು ಇರುವುದಿಲ್ಲ.

ಆಮೇಲೆ ಜೆ.ಸಿ. ರೋಡ್, ಕಲಾಸಿಪಾಳ್ಯ. ವಾರದ ದಿನ ಹೋಗಿ, ಭಾನುವಾರ ಬಹುತೇಕ ಅಂಗಡಿ ಮುಚ್ಚಿರುತ್ತವೆ. ಸ್ವಂತ ಗಾಡಿಯಲ್ಲಿ ಹೋದರೆ ಪಾರ್ಕಿಂಗ್ ಹುಡುಕುವುದರಲ್ಲೇ ತಲೆ ಕೆಡುತ್ತದೆ, ಮೆಟ್ರೋದಲ್ಲಿ ಕೆ.ಆರ್. ಮಾರ್ಕೆಟ್ ಸ್ಟೇಷನ್‌ಗೆ ಬಂದು ನಡೆದುಬಿಡಿ. ಮಿಂಚುವ ಬೋರ್ಡ್ ಇರುವ ದೊಡ್ಡ ಅಂಗಡಿಗಳಲ್ಲಿ ಈಗ ಓಡುವ ಬೈಕ್‌ಗಳ ಸಾಮಾನೇ ಜಾಸ್ತಿ. ಒಳರಸ್ತೆಯ, ಕಿರಿದಾದ, ಅಟ್ಟದ ತನಕ ರಟ್ಟಿನ ಪೆಟ್ಟಿಗೆ ತುಂಬಿರುವ ಅಂಗಡಿ ಹುಡುಕಿ. "ಇದ್ಯಾ?" ಅಂತ ಕೇಳುವ ಮೊದಲು ಹಾಳೆ ಕೌಂಟರ್ ಮೇಲೆ ಇಡಿ. ಇಲ್ಲ ಅಂದರೆ ಎರಡು ಪ್ರಶ್ನೆ ಕೇಳಿ: ಯಾರ ಹತ್ತಿರ ಇರಬಹುದು, ಮತ್ತು ಈ ಹಾಳೆ ಬಿಟ್ಟು ಹೋಗಲಾ? ಹಾಳೆ ಬಿಟ್ಟು ಹೋದವರಿಗೆ ಎಷ್ಟೋ ದಿನದ ಮೇಲೆ ಫೋನ್ ಬರುವುದು ಉಂಟು.

ಕ್ಲಬ್‌ನವರು. ಬೆಂಗಳೂರಿನಲ್ಲಿ ಜಾವಾ-ಯೆಜ್ಡಿ, ಬುಲೆಟ್, ಆರ್‌ಡಿ ಓಡಿಸುವವರ ಗುಂಪುಗಳು ಚುರುಕಾಗಿವೆ. ಜುಲೈ ತಿಂಗಳ ಎರಡನೇ ಭಾನುವಾರ ಅಂತಾರಾಷ್ಟ್ರೀಯ ಜಾವಾ ದಿನ. ಅವತ್ತು ಸೇರುವಷ್ಟು ಜಾವಾದವರು ಬೇರೆ ದಿನ ಒಂದೇ ಕಡೆ ಸಿಗುವುದು ಕಷ್ಟ. ಇಲ್ಲಿ ದುಡ್ಡಿಗಿಂತ ಬದಲಿ ಕೊಡುವುದು ನಡೆಯುತ್ತದೆ. ನಿಮ್ಮ ಹತ್ತಿರ ಜಾಸ್ತಿ ಇರುವ ಸಾಮಾನಿನ ಪಟ್ಟಿಯನ್ನೂ ಜೊತೆಗೆ ಒಯ್ಯಿರಿ.

ಗುಜರಿ. ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಕವರ್, ಕಾರ್ಬ್, ಕಿಕ್ಕರ್, ಹಬ್ ಇಂಥವು ಸಿಗುತ್ತವೆ. ಒಳಗಿನ ಗೇರ್, ಶಾಫ್ಟ್ ಬೇಕಾದರೆ ಕಣ್ಣಳತೆಯಲ್ಲಿ ಕೊಳ್ಳಬೇಡಿ, ವರ್ನಿಯರ್ ಜೇಬಲ್ಲಿರಲಿ. ಬಿ.ವಿ.ಕೆ. ಅಯ್ಯಂಗಾರ್ ರೋಡ್ ಕಡೆಯ ಸಂಡೇ ಬಜಾರ್‌ನಲ್ಲಿ ಹಳೆ ಟೂಲ್‌ಗಳಿಗೆ ಅವಕಾಶ ಜಾಸ್ತಿ, ಎಂಜಿನ್ ಪಾರ್ಟ್‌ಗೆ ಕಡಿಮೆ.

ಮೈಸೂರು. ಜಾವಾ, ಯೆಜ್ಡಿಯವರು ಒಂದು ದಿನ ಇದಕ್ಕೇ ಇಟ್ಟುಕೊಳ್ಳಿ. ಕಾರ್ಖಾನೆ ಇದ್ದದ್ದು ಯಾದವಗಿರಿಯಲ್ಲಿ. ಅಲ್ಲಿ ದುಡಿದವರು, ಆ ಗಾಡಿಗಳ ಮೇಲೆ ಕೈ ಪಳಗಿಸಿಕೊಂಡ ಮೆಕ್ಯಾನಿಕ್‌ಗಳು ಊರಲ್ಲಿ ಇನ್ನೂ ಇದ್ದಾರೆ. ಹೋಗುವ ಮೊದಲು ಫೋನಿನಲ್ಲಿ ಹಾಳೆಯ ಫೋಟೋ ಕಳಿಸಿ, "ಇದೆ, ಬನ್ನಿ" ಅಂದ ಮೇಲೆ ಹೊರಡಿ.

ಹೊರದೇಶ. ಹಳೆ ಜಾವಾ 250 ಮೂಲತಃ ಚೆಕ್ ವಿನ್ಯಾಸ, ಅದರ ಸಾಮಾನು ಅಲ್ಲಿ ಈಗಲೂ ಹೊಸದಾಗಿ ತಯಾರಾಗುತ್ತದೆ. ಬುಲೆಟ್‌ನದು ಇಂಗ್ಲೆಂಡಿನಲ್ಲಿ, ಆರ್‌ಡಿಯದು ಅಮೆರಿಕ, ಜಪಾನ್ ಕಡೆ ಸಿಗುತ್ತದೆ. ಪಾರ್ಟ್ ಬೆಲೆಗೆ ಪಾರ್ಸೆಲ್ ಖರ್ಚು ಸೇರಿಸಿ, ಆ ಮೊತ್ತದ ಮೇಲೆ ಕಸ್ಟಮ್ಸ್ ಸುಂಕ ಬೀಳುತ್ತದೆ ಅಂತ ಲೆಕ್ಕ ಹಾಕಿಕೊಳ್ಳಿ. ಒಂದು ಸರ್ಕ್ಲಿಪ್ ತರಿಸಿದರೆ ನಷ್ಟ. ನಾಲ್ಕು ಜನ ಸೇರಿ ಒಟ್ಟಿಗೆ ತರಿಸಿದರೆ ಪರವಾಗಿಲ್ಲ. ಭಾರತದಲ್ಲಿ ತಯಾರಾದ ಗಾಡಿಗೆ ಚೆಕ್ ಪಾರ್ಟ್ ಕೂರುತ್ತದಾ ಅಂತ ಅಳತೆ ಕೇಳಿಯೇ ತರಿಸಿ, ಬರೀ ಮಾಡೆಲ್ ಹೆಸರು ಸಾಲದು.

## ಹಂತ 5: ದುಡ್ಡು ಕೊಡುವ ಮೊದಲು ಪರೀಕ್ಷೆ

ಓಲ್ಡ್ ಸ್ಟಾಕ್ ಅಂದ ಕೂಡಲೇ ಖುಷಿಯಾಗುತ್ತದೆ, ನಿಜ. ಲೋಹದ ಸಾಮಾನಿಗೆ ಖುಷಿ ಪಡಿ. ರಬ್ಬರ್‌ಗೆ ಬೇಡ. ಮೂವತ್ತು ವರ್ಷ ಪ್ಯಾಕೆಟ್‌ನಲ್ಲಿ ಕೂತ ಆಯಿಲ್ ಸೀಲ್‌ನ ತುಟಿ ಗಟ್ಟಿಯಾಗಿರುತ್ತದೆ. ಟೂ-ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್ ಸೀಲ್ ಗಾಳಿ ಎಳೆದರೆ ಪೆಟ್ರೋಲ್ ಮಿಶ್ರಣ ತೆಳುವಾಗುತ್ತದೆ, ಎಂಜಿನ್ ವಿಪರೀತ ಕಾಯುತ್ತದೆ, ಪಿಸ್ಟನ್ ಹಿಡಿದುಕೊಳ್ಳುತ್ತದೆ. ಸೀಲ್ ಯಾವಾಗಲೂ ಹೊಸದೇ. ಹಳೆ ಸ್ಟಾಕ್ ಬೇರಿಂಗ್ ಆದರೆ ತೊಳೆದು, ಕಿವಿ ಹತ್ತಿರ ಹಿಡಿದು ತಿರುಗಿಸಿ. ಗರಗರ ಅಂದರೆ ಒಳಗೆ ತುಕ್ಕು.

ಡೂಪ್ಲಿಕೇಟ್ ಪತ್ತೆಗೆ ಡಬ್ಬಕ್ಕಿಂತ ಸಾಮಾನು ನೋಡಿ. ಪಿಸ್ಟನ್ ಆದರೆ ಗಜನ್ ಪಿನ್‌ಗೆ (ಪಿಸ್ಟನ್ ಮತ್ತು ಕನೆಕ್ಟಿಂಗ್ ರಾಡ್ ಜೋಡಿಸುವ ಪಿನ್) ಎಣ್ಣೆ ಹಚ್ಚಿ ಬೆರಳಲ್ಲಿ ತಳ್ಳಿದರೆ ನಯವಾಗಿ ಹೋಗಬೇಕು, ಅಲ್ಲಾಡಬಾರದು. ರಿಂಗ್ ಗ್ರೂವ್‌ನ ಅಂಚಿನಲ್ಲಿ ಬರ್ (ಕತ್ತರಿಸಿದಾಗ ಉಳಿದ ಚೂಪು ಚೂರು) ಇರಬಾರದು. ಟೂ-ಸ್ಟ್ರೋಕ್ ಪಿಸ್ಟನ್‌ನಲ್ಲಿ ರಿಂಗ್ ತಿರುಗದಂತೆ ತಡೆಯುವ ಸಣ್ಣ ಪಿನ್ ಇರುತ್ತದೆ, ಅದು ಗಟ್ಟಿಯಾಗಿದೆಯಾ ನೋಡಿ. ಆ ಪಿನ್ ಕಳಚಿದರೆ ರಿಂಗ್‌ನ ತುದಿ ಪೋರ್ಟ್‌ಗೆ ಸಿಕ್ಕಿ ಬ್ಲಾಕ್ ಸಮೇತ ಹೋಗುತ್ತದೆ.

ಗೇರ್, ಶಾಫ್ಟ್‌ಗೆ ಅರದ ಪರೀಕ್ಷೆ. ಅಂಗಡಿಯವರನ್ನು ಕೇಳಿ, ಕೆಲಸಕ್ಕೆ ಬಾರದ ಒಂದು ಮೂಲೆಯಲ್ಲಿ ಅರ ಮೆಲ್ಲಗೆ ಎಳೆಯಿರಿ. ಸರಿಯಾಗಿ ಹಾರ್ಡನಿಂಗ್ ಆಗಿದ್ದರೆ ಗಾಜಿನ ಮೇಲೆ ಎಳೆದ ಹಾಗೆ ಅರ ಜಾರುತ್ತದೆ. ಕಚ್ಚಿ ಪುಡಿ ಉದುರಿದರೆ ಮೆತ್ತಗಿದೆ, ಬೇಡ. ಬಳಸಿದ ಗೇರ್ ಆದರೆ ಹಲ್ಲಿನ ಮುಖದಲ್ಲಿ ಸೂಜಿ ಚುಚ್ಚಿದಂಥ ಗುಳಿ, ಡಾಗ್‌ನ (ಪಕ್ಕದ ಗೇರ್‌ಗೆ ಸಿಕ್ಕಿಕೊಳ್ಳುವ ಬದಿಯ ಗುಬುಟು) ಮೂಲೆ ಉರುಟಾಗಿರುವುದು, ಇವೆರಡು ನೋಡಿ. ಡಾಗ್ ಉರುಟಾಗಿದ್ದರೆ ಓಡುವಾಗ ಗೇರ್ ಜಾರುತ್ತದೆ. ಬುಷ್ ಕಂಚಿನದೋ ಅಥವಾ ಬಣ್ಣ ಬಳಿದ ಕಬ್ಬಿಣವೋ ಅಂತ ಮ್ಯಾಗ್ನೆಟ್ ಹೇಳುತ್ತದೆ.

ಆನ್‌ಲೈನ್‌ನಲ್ಲಿ ಮಾರುವವರು ಪೂರ್ತಿ ದುಡ್ಡು ಮೊದಲೇ ಯುಪಿಐ ಮಾಡಿ ಅಂದರೆ ನಿಲ್ಲಿ. ವೀಡಿಯೋ ಕಾಲ್‌ನಲ್ಲಿ ಪಾರ್ಟ್ ಪಕ್ಕ ವರ್ನಿಯರ್ ಹಿಡಿದು ತೋರಿಸಲು ಹೇಳಿ. ಸಾಮಾನು ನಿಜವಾಗಿ ಇರುವವರು ತೋರಿಸುತ್ತಾರೆ. "ಇನ್ನೊಬ್ಬರು ಬರ್ತಿದ್ದಾರೆ, ಬೇಗ ಹಾಕಿ" ಅನ್ನುವವರನ್ನು ಬಿಟ್ಟುಬಿಡಿ.

## ಹಂತ 6: ಕ್ರ್ಯಾಂಕ್‌ಕೇಸ್ ಕೊಳ್ಳುವುದಾದರೆ ಬೇರೆಯೇ ಎಚ್ಚರ

ಎಂಜಿನ್ ನಂಬರ್ ಇರುವ ಕೇಸ್ ಮಾಮೂಲಿ ಪಾರ್ಟ್ ಅಲ್ಲ. ಕಳವು ಗಾಡಿಯದು ಆಗಿದ್ದರೆ ಕೊಂಡವರ ಮೇಲೂ ಪೊಲೀಸ್ ಕೇಸ್ ಬೀಳಬಹುದು, ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ ಕಳವು ಮಾಲಿನ ಬಗ್ಗೆಯೇ ಇದೆ. ಎನ್‌ಸಿಆರ್‌ಬಿಯ (ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ) ಕಳವು ಗಾಡಿಗಳ ದಾಖಲೆಯಾದ ವಾಹನ್ ಸಮನ್ವಯ್‌ನಲ್ಲಿ ಎಂಜಿನ್ ನಂಬರ್ ಹಾಕಿ ನೋಡಿ. ಮಾರುವವರ ಆರ್‌ಸಿ ಪ್ರತಿ, ಸಹಿ ಇರುವ ಬಿಲ್ ಇಲ್ಲದೆ ದುಡ್ಡು ಕೊಡಬೇಡಿ. ನಂಬರ್ ಉಜ್ಜಿದ ಗುರುತು, ಸುತ್ತಲಿನ ಜಾಗ ಮಾತ್ರ ನುಣ್ಣಗೆ ಹೊಳೆಯುವುದು, ಅಕ್ಷರಗಳು ಸಾಲು ತಪ್ಪಿರುವುದು, ಇದರಲ್ಲಿ ಒಂದು ಕಂಡರೂ ಎದ್ದು ಬನ್ನಿ. ಎಷ್ಟೇ ಅಗ್ಗವಾಗಿದ್ದರೂ ಸರಿ.

ನಂಬರ್ ಬೇರೆ ಇರುವ ಎಂಜಿನ್ ಹಾಕಿದರೆ ಆರ್‌ಟಿಒದಲ್ಲಿ ಅನುಮತಿ ಪಡೆದು ಆರ್‌ಸಿಯಲ್ಲಿ ನಮೂದಿಸಬೇಕು. 50 ವರ್ಷ ದಾಟಿದ ಗಾಡಿಯನ್ನು 2021ರ ನಿಯಮದ ಪ್ರಕಾರ ವಿಂಟೇಜ್ ಅಂತ ನೋಂದಾಯಿಸುವ ಆಲೋಚನೆ ಇದ್ದರೆ ಇದು ಇನ್ನೂ ಮುಖ್ಯ. ಅಲ್ಲಿ ಎಂಜಿನ್, ಚಾಸಿಯಲ್ಲಿ ದೊಡ್ಡ ಬದಲಾವಣೆ ಆಗಿರಬಾರದು ಅಂತ ಷರತ್ತಿದೆ.

ಇನ್ನೊಂದು ಮಾತು. ಕ್ರ್ಯಾಂಕ್‌ಕೇಸ್‌ನ ಎರಡು ಹೋಳುಗಳನ್ನು ಜೋಡಿಸಿಟ್ಟು ಒಟ್ಟಿಗೆ ಬೋರ್ ಮಾಡಿರುತ್ತಾರೆ. ಒಂದು ಹೋಳು ಮಾತ್ರ ಕೊಂಡು ನಿಮ್ಮ ಇನ್ನೊಂದು ಹೋಳಿಗೆ ಸೇರಿಸಿದರೆ ಬೇರಿಂಗ್‌ಗಳು ಒಂದೇ ನೇರಕ್ಕೆ ಬರುವುದಿಲ್ಲ. ಕೊಂಡರೆ ಜೋಡಿಯೇ.

## ಹಂತ 7: ಎಲ್ಲೂ ಸಿಗದಿದ್ದರೆ ಮಾಡಿಸುವುದು

ಬುಷ್, ಸ್ಪೇಸರ್, ವಾಷರ್, ಕಿಕ್ ಶಾಫ್ಟ್, ಕೆಲವು ಗೇರ್‌ಗಳನ್ನು ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಮಾಡಿಸಬಹುದು. ಲೇತ್, ಮಿಲ್ಲಿಂಗ್, ವೈರ್‌ಕಟ್, ಗೇರ್ ಕಟಿಂಗ್, ಹೀಟ್ ಟ್ರೀಟ್‌ಮೆಂಟ್, ಗ್ರೈಂಡಿಂಗ್ ಎಲ್ಲವೂ ಅದೇ ಸುತ್ತಮುತ್ತಲಲ್ಲಿ ಇವೆ. ಕನೆಕ್ಟಿಂಗ್ ರಾಡ್ ಮತ್ತು ಪಿಸ್ಟನ್ ಮಾತ್ರ ಒಂದೊಂದಾಗಿ ಮಾಡಿಸಲು ಹೋಗಬೇಡಿ. ಓಡುವಾಗ ತುಂಡಾದರೆ ಹಿಂದಿನ ಚಕ್ರ ಲಾಕ್ ಆಗಬಹುದು.

ಇಲ್ಲಿ ಎಲ್ಲರೂ ಮಾಡುವ ತಪ್ಪು, ಸವೆದ ಸ್ಯಾಂಪಲ್ ಕೊಟ್ಟು "ಇದೇ ಥರ ಒಂದು ಮಾಡಿಕೊಡಿ" ಅನ್ನುವುದು. ಟರ್ನರ್ ಸವೆತವನ್ನೂ ಸೇರಿಸಿ ಹಾಗೇ ಮಾಡಿಕೊಡುತ್ತಾರೆ, ಅವರ ತಪ್ಪಲ್ಲ. ಹಂತ 3ರ ಸ್ಕೆಚ್‌ನಲ್ಲಿ ಪ್ರತಿ ಅಳತೆಗೂ ಎಷ್ಟು ಹೆಚ್ಚುಕಡಿಮೆ ಆಗಬಹುದು ಅಂತ ಬರೆದುಕೊಡಿ. "20" ಅಂತಷ್ಟೇ ಬರೆದರೆ 20.1 ಬಂದರೂ ಅವರ ಪ್ರಕಾರ ಸರಿಯೇ.

ಯಾವ ಲೋಹ ಅಂತಲೂ ನೀವೇ ಹೇಳಬೇಕು. ಶಾಫ್ಟ್‌ಗೆ ಇಎನ್24 ದರ್ಜೆಯ ಉಕ್ಕು, ಗೇರ್‌ಗೆ ಇಎನ್353 ತಂದು ಕೇಸ್ ಹಾರ್ಡನಿಂಗ್ (ಮೇಲ್ಮೈ ಮಾತ್ರ ಗಡಸು ಮಾಡುವುದು) ಮಾಡಿಸುವುದು ಇಲ್ಲಿ ರೂಢಿ. ಗೇರ್‌ನ ಮೇಲ್ಮೈ ಗಡಸು 58ರಿಂದ 60 ಎಚ್‌ಆರ್‌ಸಿ (ರಾಕ್‌ವೆಲ್ ಗಡಸುತನದ ಅಳತೆ) ಬಂದರೆ ಒಳ್ಳೆಯದು, ಚೀಟಿಯಲ್ಲಿ ಬರೆಸಿಕೊಳ್ಳಿ. ಬುಷ್‌ಗೆ ಫಾಸ್ಫರ್ ಬ್ರಾಂಜ್. ಮೈಲ್ಡ್ ಸ್ಟೀಲ್‌ನಲ್ಲಿ ಮಾಡಿದ ಕಿಕ್ ಶಾಫ್ಟ್ ನೋಡಲು ಹಾಗೇ ಇರುತ್ತದೆ, ಕೆಲವೇ ದಿನದಲ್ಲಿ ಸ್ಪ್ಲೈನ್ (ಶಾಫ್ಟ್ ತುದಿಯ ಉದ್ದ ಹಲ್ಲುಗಳು) ತಿರುಚಿಕೊಳ್ಳುತ್ತದೆ.

ಕ್ರಮ ತಪ್ಪಿಸಬೇಡಿ: ಒರಟಾಗಿ ಕಡೆಯುವುದು, ಹಲ್ಲು ಅಥವಾ ಸ್ಪ್ಲೈನ್ ಕತ್ತರಿಸುವುದು, ಹೀಟ್ ಟ್ರೀಟ್‌ಮೆಂಟ್, ಕೊನೆಗೆ ಗ್ರೈಂಡಿಂಗ್. ಕಾಯಿಸಿದಾಗ ಉಕ್ಕು ಸ್ವಲ್ಪ ಸೊಟ್ಟಗಾಗುತ್ತದೆ. ಮೊದಲೇ ಪೂರ್ತಿ ಅಳತೆಗೆ ತಂದುಬಿಟ್ಟರೆ ಆಮೇಲೆ ಉಜ್ಜಿ ಸರಿ ಮಾಡಲು ಲೋಹವೇ ಉಳಿದಿರುವುದಿಲ್ಲ. ಬುಷ್‌ಗೂ ಇದೇ ಲೆಕ್ಕ. ಕೇಸ್‌ಗೆ ಒತ್ತಿ ಕೂರಿಸಿದಾಗ ಒಳ ವ್ಯಾಸ ಕಿರಿದಾಗುತ್ತದೆ, ಆದ್ದರಿಂದ ಒಳಗೆ ಸ್ವಲ್ಪ ಲೋಹ ಉಳಿಸಿ ಮಾಡಿಸಿ, ಕೂರಿಸಿದ ಮೇಲೆ ರೀಮರ್ ಹಾಕಿಸಿ ಅಳತೆಗೆ ತನ್ನಿ.

## ಹಂತ 8: ಪಾರ್ಟ್ ಕೈಗೆ ಬಂದ ಮೇಲೆ

ಬ್ಲಾಕ್ ಬೋರಿಂಗ್‌ಗೆ ಕೊಡುವ ಸಮಯ ಈಗ. ಪಿಸ್ಟನ್ ಕೈಯಲ್ಲಿ ಇಲ್ಲದೆ 0.50 ಓವರ್‌ಸೈಜ್‌ಗೆ (ಮೂಲಕ್ಕಿಂತ 0.50 ಮಿ.ಮೀ. ದೊಡ್ಡದು) ಬೋರ್ ಮಾಡಿಸಿ, ಆಮೇಲೆ ಆ ಸೈಜ್ ಪಿಸ್ಟನ್ ಸಿಗದೆ ಕೂತವರು ಎಷ್ಟೋ ಜನ. ಪಿಸ್ಟನ್ ಒಯ್ದು ಕೊಡಿ, ಸ್ಕರ್ಟ್‌ನ ಕೆಳಭಾಗದಲ್ಲಿ, ಗಜನ್ ಪಿನ್‌ಗೆ ಅಡ್ಡಲಾಗಿ ಅಳೆದು, ಮ್ಯಾನುವಲ್ ಹೇಳಿದ ಕ್ಲಿಯರೆನ್ಸ್ ಇಟ್ಟು ಬೋರ್ ಮಾಡಲು ಹೇಳಿ. ಟೂ-ಸ್ಟ್ರೋಕ್ ಆದರೆ ಬೋರ್ ಆದ ಮೇಲೆ ಪೋರ್ಟ್‌ಗಳ ಅಂಚಿನ ಚೂಪನ್ನು ಮೆಲ್ಲಗೆ ಉಜ್ಜಿ ತೆಗೆಯಬೇಕು, ಇಲ್ಲದಿದ್ದರೆ ಚೂಪು ಅಂಚು ರಿಂಗ್ ಹಿಡಿಯುತ್ತದೆ. ರಿಂಗ್ ಅನ್ನು ಪಿಸ್ಟನ್ ತಲೆಯಿಂದ ಬ್ಲಾಕ್ ಒಳಗೆ ನೇರಕ್ಕೆ ತಳ್ಳಿ ತುದಿಗಳ ಮಧ್ಯೆ ಫೀಲರ್ ಗೇಜ್ ಹಾಕಿ. ಮ್ಯಾನುವಲ್‌ನಲ್ಲಿ ಬೇರೆ ಅಳತೆ ಕೊಟ್ಟಿರದಿದ್ದರೆ, 65 ಮಿ.ಮೀ. ಬೋರ್‌ಗೆ 0.25 ಮಿ.ಮೀ. ಆಸುಪಾಸು ಇರಬೇಕು.

ಗೇರ್‌ಬಾಕ್ಸ್ ಪಾರ್ಟ್ ಆದರೆ ಗ್ಯಾಸ್ಕೆಟ್ ಹಾಕಿ, ಅಂಟು ಹಚ್ಚದೆ ಒಮ್ಮೆ ಜೋಡಿಸಿ ನೋಡಿ. ಎಲ್ಲ ಗೇರ್ ಬೀಳುತ್ತವಾ, ಶಾಫ್ಟ್ ಬೆರಳಲ್ಲಿ ತಿರುಗುತ್ತದಾ, ಅಕ್ಕಪಕ್ಕಕ್ಕೆ ಆಟ ಎಷ್ಟಿದೆ ನೋಡಿ. ಬೋಲ್ಟ್ ಬಿಗಿ ಮಾಡಿದಾಗ ಮಾತ್ರ ಶಾಫ್ಟ್ ಹಿಡಿಯುತ್ತಿದ್ದರೆ ಎಲ್ಲೋ ವಾಷರ್ ದಪ್ಪ ಜಾಸ್ತಿ ಇದೆ. ಸುತ್ತಿಗೆಯಲ್ಲಿ ಬಡಿದು ಸರಿ ಮಾಡುವುದು ಬೇಡ, ಬಿಚ್ಚಿ ಅಳೆಯಿರಿ.

ಎಂಜಿನ್ ಓಡಿಸಿ ಮೊದಲ 200 ಕಿ.ಮೀ. ಆಸುಪಾಸು ಆದ ಮೇಲೆ ಗೇರ್ ಆಯಿಲ್ ಬಿಸಿ ಇರುವಾಗಲೇ ಬಿಳಿ ಟ್ರೇಗೆ ಬಸಿದು, ಮ್ಯಾಗ್ನೆಟ್ ಆಡಿಸಿ. ಬೂದು ಬಣ್ಣದ ನುಣುಪು ಪೇಸ್ಟ್ ಬಂದರೆ ಅದು ಹೊಸ ಗೇರ್‌ಗಳು ಒಂದಕ್ಕೊಂದು ಹೊಂದಿಕೊಳ್ಳುತ್ತಿರುವುದು, ಹೊಸ ಆಯಿಲ್ ಹಾಕಿ ಓಡಿಸಿ. ಮ್ಯಾಗ್ನೆಟ್‌ಗೆ ಅಂಟದ ಬಂಗಾರದ ಬಣ್ಣದ ಹೊಳಪು ಆಯಿಲ್‌ನಲ್ಲಿ ಕಂಡರೆ ಬುಷ್ ಬಿಗಿಯಾಗಿದೆ. ಬೆರಳಿಗೆ ಚುಚ್ಚುವ ಉಕ್ಕಿನ ಚಕ್ಕೆ ಬಂದರೆ ಗಾಡಿ ಮತ್ತೆ ಸ್ಟಾರ್ಟ್ ಮಾಡದೆ ಕೇಸ್ ತೆಗೆಯಿರಿ.